ದಂಡಿನ ನಡೆ: ಎರಡನೆಯ ಮಹಾಯುದ್ಧದಲ್ಲಿ ನೆಲಸೇನೆಗಳ ವೇಗ

ಎರಡನೆಯ ಮಹಾಯುದ್ಧವನ್ನು ವೇಗದ ಯುದ್ಧವೆಂದು ಕರೆಯುವುದು ಚರಿತ್ರೆಯ ಪುಸ್ತಕಗಳಲ್ಲಿ ರೂಢಿಯಾಗಿದ್ದು, ಆ ವೇಗಕ್ಕೆ ಸಾಕ್ಷಿಯಾಗಿ ಸಾಮಾನ್ಯವಾಗಿ ಟ್ಯಾಂಕನ್ನೇ ಮುಂದಿಡಲಾಗುತ್ತದೆ. ಜರ್ಮನಿಯ ಮೂರನೆಯ ಮಾದರಿಯ ಪಾಂಜರ್ ಟ್ಯಾಂಕು ಒಳ್ಳೆಯ ರಸ್ತೆಯಲ್ಲಿ ಗಂಟೆಗೆ ಸುಮಾರು 40 ಕಿ.ಮೀ. ಓಡುತ್ತಿತ್ತು, ಸೋವಿಯತ್ ಒಕ್ಕೂಟದ ಟಿ-34 ಗಂಟೆಗೆ 50 ಕಿ.ಮೀ.ಗಳನ್ನೂ ದಾಟಬಲ್ಲುದಾಗಿತ್ತು. ಈ ಲೆಕ್ಕವನ್ನಷ್ಟೇ ಹಿಡಿದರೆ ಹತ್ತು ಗಂಟೆಯ ಹಗಲಿನಲ್ಲಿ ಒಂದು ಸೇನೆ 400 ಕಿ.ಮೀ. ಸಾಗಬೇಕು. ಆದರೆ ಯಾವ ದೇಶದ ಸೇನೆಯೂ ಕಾದಾಡುತ್ತ ದಿನಕ್ಕೆ ನೂರು ಕಿ.ಮೀ.ಯಂತೆ ವಾರಗಟ್ಟಲೆ ಮುನ್ನಡೆದದ್ದಿಲ್ಲ. ಅತ್ಯಂತ ಯಶಸ್ವಿಯೆಂದು ಹೆಸರಾದ ದಂಡಯಾತ್ರೆಗಳಲ್ಲಿ ಸಹ ಆರಂಭದಿಂದ ಕೊನೆಯವರೆಗಿನ ಸರಾಸರಿಯನ್ನು ತೆಗೆದರೆ ದಿನಕ್ಕೆ 20ರಿಂದ 35 ಕಿ.ಮೀ. ಮಾತ್ರ ಸಿಗುತ್ತದೆ, ಮತ್ತು ಹೆಗಲ ಮೇಲೆ ಬಂದೂಕು ಹೊತ್ತ ಕಾಲಾಳು ಒಂದು ದಿನದಲ್ಲಿ ನಡೆದು ಮುಗಿಸುವ ದಾರಿಯೂ ಹೆಚ್ಚುಕಡಿಮೆ ಅಷ್ಟೇ. ಯಂತ್ರದ ಯುಗದಲ್ಲಿ ಸೇನೆಯ ವೇಗ ಕಾಲ್ನಡಿಗೆಯ ವೇಗದ ಸುತ್ತಲೇ ಏಕೆ ಉಳಿಯಿತು ಎಂಬುದನ್ನು ಅರಿಯಬೇಕಾದರೆ ಮುಂಚೂಣಿಯ ಟ್ಯಾಂಕಿಗಿಂತ ಅದರ ಹಿಂದೆ ನೂರಾರು ಮೈಲಿ ಚಾಚಿದ್ದ ದಾರಿಯನ್ನು ನೋಡುವುದು ಅಗತ್ಯ.

ಆ ದಾರಿಯ ಮೇಲೆ ಸಾಗಬೇಕಿದ್ದ ಹೊರೆ ಬಹಳ ದೊಡ್ಡದು. ಡಿವಿಷನ್ ಎಂದರೆ ಪದಾತಿ, ಫಿರಂಗಿ, ಎಂಜಿನಿಯರು, ವೈದ್ಯಕೀಯ ಘಟಕಗಳೆಲ್ಲ ಸೇರಿ ತಾನೇ ಸ್ವತಂತ್ರವಾಗಿ ಹೋರಾಡಬಲ್ಲ, ಸುಮಾರು 15 ಸಾವಿರ ಜನರ ದಳ. 1944ರಲ್ಲಿ ಪಶ್ಚಿಮ ಯೂರೋಪಿನಲ್ಲಿ ಹೋರಾಡುತ್ತಿದ್ದ ಇಂಥ ಒಂದು ಡಿವಿಷನ್ನಿಗೆ ದಿನಕ್ಕೆ 600ರಿಂದ 700 ಟನ್ ಸಾಮಗ್ರಿ ಬೇಕೆಂದು ಅಮೆರಿಕದ ಯೋಜಕರು ಲೆಕ್ಕ ಹಾಕಿದ್ದರು. ಅದರಲ್ಲಿ ಆಹಾರದ ಪಾಲು ಸಣ್ಣದು. ಪೆಟ್ರೋಲು ಮತ್ತು ಮದ್ದುಗುಂಡಿನ ಪಾಲೇ ದೊಡ್ಡದು. ಹಳೆಯ ಕಾಲದ ದಂಡು ಹಾದುಹೋಗುವ ಊರಿನ ಧಾನ್ಯವನ್ನೂ ಹುಲ್ಲನ್ನೂ ಬಳಸಿಕೊಂಡು ಮುಂದೆ ಸಾಗಬಹುದಿತ್ತು, ಆದರೆ ಪೆಟ್ರೋಲು ಯಾವ ಹೊಲದಲ್ಲೂ ಬೆಳೆಯುವುದಿಲ್ಲವಾದ್ದರಿಂದ ಯಂತ್ರದ ಸೇನೆ ತನ್ನ ಬಂದರಿಗೆ ಅಥವಾ ರೈಲುದಾರಿಯ ತುದಿಗೆ, ಅಂದರೆ ಸರಕು ರೈಲಿನಿಂದ ಇಳಿದು ಲಾರಿಗೆ ಏರುವ ಕೊನೆಯ ನಿಲ್ದಾಣಕ್ಕೆ, ಹಿಂದಿನ ಸೇನೆಗಳಿಗಿಂತಲೂ ಬಿಗಿಯಾಗಿ ಕಟ್ಟುಬಿದ್ದಿತ್ತು. ಆ ತುದಿಯಿಂದ ದೂರ ಹೋದಷ್ಟೂ ಲಾರಿಗಳು ಸಾಗಿಸುವ ಪೆಟ್ರೋಲಿನಲ್ಲಿ ಲಾರಿಗಳೇ ಕುಡಿಯುವ ಪಾಲು ಹೆಚ್ಚುತ್ತ, ಒಂದೊಂದು ಲಾರಿ ಹೋಗಿಬರುವ ದಿನಗಳೂ ಹೆಚ್ಚುತ್ತ ಹೋಗುತ್ತಿದ್ದವು, ಹಾಗಾಗಿ ಮುನ್ನಡೆಯ ಗೆಲುವೇ ಮುಂದಿನ ಮುನ್ನಡೆಗೆ ತಡೆಯಾಗಿ ಬಂದು ನಿಲ್ಲುತ್ತಿತ್ತು.

1940ರ ಮೇ ತಿಂಗಳಲ್ಲಿ ಫ್ರಾನ್ಸಿನ ಮೇಲೆ ಜರ್ಮನಿ ನಡೆಸಿದ ದಾಳಿ ಈ ತಡೆ ಎದುರಾಗುವ ಮೊದಲೇ ಮುಗಿದ ಯುದ್ಧ. ಮೇ 13ರಂದು ಸೆಡಾನ್ ಬಳಿ ಮ್ಯೂಸ್ ನದಿಯನ್ನು ದಾಟಿದ ಸೇನಾಪತಿ ಗುಡೇರಿಯನ್‌ನ ಟ್ಯಾಂಕುಗಳು ಮೇ 20ರ ಸಂಜೆಯ ವೇಳೆಗೆ ಸುಮಾರು 240 ಕಿ.ಮೀ. ಸಾಗಿ ಅಬ್ಬೆವಿಲ್ ಬಳಿ ಇಂಗ್ಲಿಷ್ ಕಡಲ್ಗಾಲುವೆಯ ಕರಾವಳಿಯನ್ನು ಮುಟ್ಟಿದವು. ಸರಾಸರಿ ದಿನಕ್ಕೆ 34 ಕಿ.ಮೀ. ಆಯಿತು. ದೂರ ಕಡಿಮೆ, ರಸ್ತೆ ಉತ್ತಮ, ದಾರಿಯಲ್ಲಿ ಸಿಕ್ಕ ಫ್ರಾನ್ಸಿನ ಪೆಟ್ರೋಲು ಬಂಕುಗಳು ಸಹ ನೆರವಿಗೆ ಬಂದವು. ಆದರೆ ಆ ವರ್ಷ ಜರ್ಮನಿಯ ಬಳಿ ಇದ್ದ ಟ್ಯಾಂಕು ಡಿವಿಷನ್ನುಗಳು ಹತ್ತೇ ಹತ್ತು. ಉಳಿದ ನೂರಕ್ಕೂ ಹೆಚ್ಚು ಡಿವಿಷನ್ನುಗಳ ಬಹುಪಾಲು ಪದಾತಿಯದಾಗಿದ್ದು, ಅದರ ಫಿರಂಗಿಗಳನ್ನೂ ಅಡುಗೆ ಬಂಡಿಗಳನ್ನೂ ಕುದುರೆಗಳು ಎಳೆಯುತ್ತಿದ್ದವು. ಮುಂದೆ ಓಡಿದ ಟ್ಯಾಂಕುಗಳಿಗೂ ಹಿಂದೆ ನಡೆದು ಬರುತ್ತಿದ್ದ ಕಾಲಾಳುಗಳಿಗೂ ನಡುವೆ ಬಿದ್ದ ಅಂತರವೇ ಜರ್ಮನಿಯ ಸೇನಾಪತಿಗಳನ್ನು ಆ ದಿನಗಳಲ್ಲಿ ಹೆಚ್ಚು ಕಳವಳಕ್ಕೀಡುಮಾಡಿತ್ತು.

ಆ ಅಂತರ ಫ್ರಾನ್ಸಿನಲ್ಲಿ ಅಪಾಯ ತರಲಿಲ್ಲ, ಮರುವರ್ಷ ರಷ್ಯದಲ್ಲಿ ತಂದಿತು. 1941ರ ಜೂನ್ 22ರಂದು ಗಡಿ ದಾಟಿದ ಸೇನೆಯಲ್ಲಿ 30 ಲಕ್ಷಕ್ಕೂ ಹೆಚ್ಚು ಸೈನಿಕರೂ 6 ಲಕ್ಷಕ್ಕೂ ಹೆಚ್ಚು ಕುದುರೆಗಳೂ ಇದ್ದವು. ಉತ್ತರದಲ್ಲಿ ಸೇನಾಪತಿ ಮ್ಯಾನ್‌ಸ್ಟೈನ್‌ನ ಟ್ಯಾಂಕು ದಳ ನಾಲ್ಕು ದಿನಗಳಲ್ಲಿ ಸುಮಾರು 300 ಕಿ.ಮೀ. ಸಾಗಿ ಡೌಗಾವ್‌ಪಿಲ್ಸ್ ಪಟ್ಟಣದ ಸೇತುವೆಗಳನ್ನು ಹಾಳಾಗದ ಸ್ಥಿತಿಯಲ್ಲೇ ವಶಪಡಿಸಿಕೊಂಡಿತು. ಇಡೀ ಯುದ್ಧದಲ್ಲಿ ಇದಕ್ಕೆ ಸಾಟಿಯಾಗುವ ಓಟಗಳು ವಿರಳ, ಆದರೆ ಆ ಓಟದ ಕೊನೆಯಲ್ಲಿ ಪದಾತಿ ಬಂದು ಸೇರುವವರೆಗೆ ದಿನಗಟ್ಟಲೆ ಕಾಯಬೇಕಾಯಿತೆಂಬುದನ್ನೂ ಜೊತೆಗೆ ಹೇಳಬೇಕು. ನಡುವಣ ರಂಗದಲ್ಲಿ ಜೂನ್ 28ಕ್ಕೆ ಮಿನ್‌ಸ್ಕ್, ಜುಲೈ 16ಕ್ಕೆ ಸ್ಮೊಲೆನ್‌ಸ್ಕ್ ಬಿದ್ದವು. ಅಲ್ಲಿಂದ ಮಾಸ್ಕೋ ಇನ್ನು 400 ಕಿ.ಮೀ. ಒಳಗೇ ಇತ್ತು, ಗಡಿಯಿಂದ ಸ್ಮೊಲೆನ್‌ಸ್ಕಿಗೆ ಬಂದ ವೇಗದಲ್ಲೇ ಸಾಗಿದ್ದರೆ ಆಗಸ್ಟ್ ಮೊದಲ ವಾರಕ್ಕೆ ತಲುಪಬಹುದಿತ್ತು. ಹಾಗಾಗಲಿಲ್ಲ, ಮಾಸ್ಕೋ ಕಡೆಗಿನ ದಾಳಿ ಮತ್ತೆ ಆರಂಭವಾದದ್ದು ಅಕ್ಟೋಬರ್ ಹೊತ್ತಿಗೆ.

ಈ ಎರಡು ತಿಂಗಳ ನಿಲುಗಡೆಗೆ ಹಿಟ್ಲರನು ಟ್ಯಾಂಕುಗಳನ್ನು ಕೀವ್ ಕಡೆಗೆ ತಿರುಗಿಸಿದ್ದೇ ಕಾರಣವೆಂದು ಹೇಳುವವರು ಬಹಳ. ಸೋವಿಯತ್ ಸೇನೆ ಸ್ಮೊಲೆನ್‌ಸ್ಕ್ ಸುತ್ತ ತೋರಿದ ಪ್ರತಿರೋಧವೂ ಅಷ್ಟೇ ಮುಖ್ಯ ಕಾರಣ. ಆದರೆ ಈ ಎರಡೂ ಇಲ್ಲದಿದ್ದರೂ ಆ ಸೇನೆ ಆಗಸ್ಟ್ ತಿಂಗಳಲ್ಲೇ ಮಾಸ್ಕೋ ತಲುಪುವುದು ಅಸಾಧ್ಯವಾಗಿತ್ತೆಂದು ನಂಬಲು ರೈಲ್ವೆಯ ಸ್ಥಿತಿಯೊಂದೇ ಸಾಕು. ಜರ್ಮನಿಯ ರೈಲು ಹಳಿಗಳ ನಡುವಣ ಅಗಲ 1435 ಮಿ.ಮೀ.; ರಷ್ಯದ್ದು 1524 ಮಿ.ಮೀ. ಹಳಿಯ ಒಂದು ಸಾಲನ್ನು ಮರದ ದಿಮ್ಮಿಗಳ ಮೇಲೆ ಕೆಲವೇ ಅಂಗುಲ ಒಳಕ್ಕೆ ಸರಿಸಿ ಮತ್ತೆ ಮೊಳೆ ಹೊಡೆಯುವ ಕೆಲಸ ಕಷ್ಟದ್ದಲ್ಲ, ಜರ್ಮನ್ ರೈಲ್ವೆ ದಳಗಳು ಅದನ್ನು ಚುರುಕಾಗಿಯೇ ಮಾಡಿದವು. ತೊಡಕು ಬಂದದ್ದು ನೀರಿನದು: ರಷ್ಯದ ಉಗಿಬಂಡಿಗಳು ಹೆಚ್ಚು ನೀರು ಹೊತ್ತೊಯ್ಯುತ್ತಿದ್ದುದರಿಂದ ಅಲ್ಲಿ ನೀರು ತುಂಬಿಸುವ ನಿಲ್ದಾಣಗಳನ್ನು ದೂರದೂರಕ್ಕೆ ಕಟ್ಟಲಾಗಿತ್ತು, ಜರ್ಮನ್ ಉಗಿಬಂಡಿಗಳು ಆ ದೂರವನ್ನು ಮುಟ್ಟಲಾರದೆ ನಡುವೆ ಹೊಸ ನಿಲ್ದಾಣಗಳನ್ನು ಕಟ್ಟಬೇಕಾಯಿತು. ಚಳಿಗಾಲ ಬಂದಾಗ ಆ ಬಂಡಿಗಳ ಹೊರಮೈಯಲ್ಲಿದ್ದ ಕೊಳವೆಗಳು ಹೆಪ್ಪುಗಟ್ಟಿ ಒಡೆದವು. ಅದಕ್ಕೂ ಮುಂಚೆ ಅಕ್ಟೋಬರಿನ ಮಳೆಗೆ ಮಣ್ಣಿನ ರಸ್ತೆಗಳು ಕೆಸರಾಗಿ, ಲಾರಿಗಳು ಹೂತು, ಕುದುರೆಗಳು ಸಾವಿರಗಟ್ಟಲೆ ಸತ್ತವು.

ಮರುಭೂಮಿಯಲ್ಲಿ ಕೆಸರಿರಲಿಲ್ಲ, ಆದರೆ ದೂರವೇ ಅಲ್ಲಿ ಶತ್ರು. 1942ರ ನವೆಂಬರ್ ಮೊದಲ ವಾರ ಎಲ್ ಅಲಮೀನ್‌ನಲ್ಲಿ ಗೆದ್ದ ಬ್ರಿಟಿಷ್ ಎಂಟನೆಯ ಸೇನೆ 1943ರ ಜನವರಿ 23ರಂದು ಟ್ರಿಪೋಲಿಯನ್ನು ಹೊಕ್ಕಿತು. 80 ದಿನಗಳಲ್ಲಿ ಸುಮಾರು 2,250 ಕಿ.ಮೀ., ಅಂದರೆ ದಿನಕ್ಕೆ 28 ಕಿ.ಮೀ. ಆ ಸೇನೆ ಆರಂಭದಲ್ಲಿ ಬಳಸುತ್ತಿದ್ದ ತೆಳು ತಗಡಿನ ನಾಲ್ಕು ಗ್ಯಾಲನ್ ಡಬ್ಬಗಳು ಸಾಗಣೆಯಲ್ಲಿ ಬಿರುಕುಬಿಟ್ಟು ಪೆಟ್ರೋಲಿನ ದೊಡ್ಡ ಪಾಲು ಮರಳಿಗೆ ಸೋರಿಹೋಗುತ್ತಿತ್ತು. ಜರ್ಮನರಿಂದ ವಶವಾದ 20 ಲೀಟರಿನ ಗಟ್ಟಿ ಉಕ್ಕಿನ ಡಬ್ಬವನ್ನು, ಮುಂದೆ ‘ಜೆರಿಕ್ಯಾನ್’ ಎಂದೇ ಹೆಸರಾದದ್ದನ್ನು, ಬ್ರಿಟಿಷರೂ ಅಮೆರಿಕನ್ನರೂ ನಕಲು ಮಾಡಿ ಲಕ್ಷಗಟ್ಟಲೆ ತಯಾರಿಸಿದ ಮೇಲೆ ಈ ನಷ್ಟ ನಿಂತಿತು. ಸೇನೆಯ ವೇಗದ ಚರಿತ್ರೆಯಲ್ಲಿ ಈ ಡಬ್ಬಕ್ಕೆ ಟ್ಯಾಂಕಿಗೆ ಸಮನಾದ ಜಾಗ ಸಲ್ಲಬೇಕು.

ಯಂತ್ರದ ನೆರವು ಅಷ್ಟಾಗಿ ಇಲ್ಲದೆಯೂ ಇದೇ ವೇಗವನ್ನು ಸಾಧಿಸಬಹುದೆಂದು ತೋರಿಸಿದ್ದು ಮಲಯದ ಯುದ್ಧ. 1941ರ ಡಿಸೆಂಬರ್ 8ರಂದು ಕೋಟಾ ಭಾರು ತೀರದಲ್ಲೂ ಥಾಯ್ಲೆಂಡಿನ ದಕ್ಷಿಣ ಕರಾವಳಿಯಲ್ಲೂ ಇಳಿದ ಯಮಾಶಿತನ 25ನೆಯ ಜಪಾನಿ ಸೇನೆ ಜನವರಿ ಕೊನೆಯ ಹೊತ್ತಿಗೆ ಸಿಂಗಪುರದ ಎದುರಿನ ಜೊಹೊರ್ ಬಾರು ತಲುಪಿತ್ತು. 55 ದಿನಗಳಲ್ಲಿ 1,100 ಕಿ.ಮೀ. ಸಾಗಿ, 95 ಬಾರಿ ಕಾದಾಡಿ, 250 ಸೇತುವೆಗಳನ್ನು ದುರಸ್ತಿ ಮಾಡಿದೆವೆಂದು ಆ ಸೇನೆಯ ಯೋಜನಾಧಿಕಾರಿ ತ್ಸುಜಿ ಮಸನೊಬು ಮುಂದೆ ಬರೆದಿಟ್ಟ. ದಿನದ ಲೆಕ್ಕಕ್ಕೆ ಇಳಿಸಿದರೆ 20 ಕಿ.ಮೀ. ಮತ್ತು ನಾಲ್ಕೈದು ಸೇತುವೆ. ಡಿವಿಷನ್ನೊಂದಕ್ಕೆ ಸುಮಾರು 500 ಮೋಟಾರು ವಾಹನಗಳ ಜೊತೆಗೆ 6,000 ಸೈಕಲ್ಲುಗಳಿದ್ದವು. ರಬ್ಬರ್ ತೋಟಗಳಿಗೂ ತವರದ ಗಣಿಗಳಿಗೂ ಬ್ರಿಟಿಷರೇ ಹಾಕಿಸಿದ್ದ ಡಾಂಬರು ರಸ್ತೆಗಳ ಮೇಲೆ ಆ ಸೈಕಲ್ಲುಗಳು ಓಡಿದವು. ಸೇತುವೆ ಒಡೆದಿದ್ದಲ್ಲಿ ಸೈನಿಕ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಹೊಳೆ ದಾಟಿದ. ಟೈರು ಸವೆದುಹೋದಾಗ ಬರಿಯ ಗಾಲಿಯ ಮೇಲೆಯೇ ಓಡಿಸಿದ. ಹಿಂದೆ ಸರಿಯುತ್ತಿದ್ದ ಸೇನೆಗೆ ಉಸಿರಾಡಲು ಎಡೆ ಸಿಗದಂತೆ ಮಾಡಿದ್ದು ಈ ಬಿಡದ ಬೆನ್ನಟ್ಟುವಿಕೆ. 1942ರ ಜನವರಿ 7ರ ಬೆಳಗಿನ ಜಾವ ಸ್ಲಿಮ್ ನದಿಯ ಬಳಿ ಸುಮಾರು ಮೂವತ್ತು ಜಪಾನಿ ಟ್ಯಾಂಕುಗಳು 11ನೆಯ ಭಾರತೀಯ ಡಿವಿಷನ್ನಿನ ಸಾಲುಗಳನ್ನು ಸೀಳಿಕೊಂಡು ಮಧ್ಯಾಹ್ನದೊಳಗೆ ಹಲವು ಮೈಲಿ ಒಳಹೊಕ್ಕಾಗ, ದಿನಗಟ್ಟಲೆ ನಿದ್ದೆಯಿಲ್ಲದೆ ದಣಿದಿದ್ದ ಎರಡು ಬ್ರಿಗೇಡುಗಳು ಚೂರುಚೂರಾದವು. ಫೆಬ್ರುವರಿ 15ರಂದು ಸಿಂಗಪುರ ಶರಣಾದಾಗ ಸೆರೆಯಾದವರಲ್ಲಿ ಮೈಸೂರು ಸಂಸ್ಥಾನದ ಪದಾತಿ ಪಟಾಲಮಿನವರೂ ಇದ್ದರು.

ಜಪಾನಿ ಸೇನೆಯ ಈ ವೇಗಕ್ಕೆ ಒಂದು ಗುಟ್ಟಿತ್ತು: ಅದು ತನ್ನ ಬೆನ್ನ ಹಿಂದಿನ ಸರಬರಾಜಿಗಿಂತ ಶತ್ರು ಬಿಟ್ಟುಹೋದ ಉಗ್ರಾಣಗಳನ್ನು ಹೆಚ್ಚು ನಂಬಿತ್ತು. ಅಕ್ಕಿ, ಪೆಟ್ರೋಲು, ಲಾರಿಗಳು, ವಿಮಾನ ನಿಲ್ದಾಣಗಳಲ್ಲಿ ಪೇರಿಸಿದ್ದ ಮದ್ದುಗುಂಡು, ಎಲ್ಲವೂ ಮಲಯದಲ್ಲಿ ದಾರಿಯುದ್ದಕ್ಕೂ ಸಿಕ್ಕವು. ಒಮ್ಮೆ ಫಲಿಸಿದ ಲೆಕ್ಕ ಮತ್ತೊಮ್ಮೆಯೂ ಫಲಿಸುವುದೆಂಬ ನಂಬಿಕೆ ಆ ಸೇನೆಯನ್ನು ಎರಡು ವರ್ಷಗಳ ಬಳಿಕ ಮಹಾ ದುರಂತಕ್ಕೆ ಒಯ್ದಿತು. ಮಲಯದಲ್ಲಿ ಡಿವಿಷನ್ನೊಂದನ್ನು ನಡೆಸಿದ್ದ ಮುತಗುಚಿ ರೆನ್ಯ 1944ರ ಮಾರ್ಚ್ ತಿಂಗಳಲ್ಲಿ ಮೂರು ಡಿವಿಷನ್ನುಗಳೊಡನೆ ಬರ್ಮಾದಿಂದ ಇಂಫಾಲ ಮತ್ತು ಕೊಹಿಮಾಗಳ ಕಡೆಗೆ ಹೊರಟಾಗ, ಸೈನಿಕರ ಬೆನ್ನ ಮೇಲೆ ಸುಮಾರು ಮೂರು ವಾರದ ಆಹಾರವಿತ್ತು, ಜೊತೆಗೆ ಹೊಡೆದುಕೊಂಡು ಬಂದ ದನಗಳಿದ್ದವು. ಅಷ್ಟರೊಳಗೆ ಇಂಫಾಲದ ಉಗ್ರಾಣಗಳು ವಶವಾಗುವುವೆಂದು ಅವನ ಎಣಿಕೆ. ಕಾಡುಬೆಟ್ಟಗಳನ್ನು ದಾಟಿ ಬಂದ ವೇಗವೇನೋ ಬ್ರಿಟಿಷರನ್ನು ಬೆಚ್ಚಿಬೀಳಿಸಿತು. ಆದರೆ ಈ ಬಾರಿ ಸುತ್ತುವರಿಯಲ್ಪಟ್ಟ ಸೇನೆ ಹಿಂದೆ ಸರಿಯಲಿಲ್ಲ; ಅದಕ್ಕೆ ಬೇಕಾದ ಅನ್ನ, ಮದ್ದು, ಪೆಟ್ರೋಲು ಆಕಾಶದಿಂದ ಬಂದಿಳಿಯಿತು. ಜೂನ್ 22ರಂದು ಇಂಫಾಲದ ರಸ್ತೆ ತೆರೆಯಿತು. ಹಿಮ್ಮೆಟ್ಟುವ ದಾರಿಯಲ್ಲಿ ಹಸಿವು ಮತ್ತು ರೋಗಗಳಿಂದ ಸತ್ತ ಜಪಾನಿ ಸೈನಿಕರು ಗುಂಡೇಟಿನಿಂದ ಸತ್ತವರಿಗಿಂತ ಹೆಚ್ಚು. ಹೊರಟುಬಂದ ಸುಮಾರು 85 ಸಾವಿರ ಜನರಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿ ಸಾವು, ಗಾಯ, ಕಾಯಿಲೆಗಳಿಗೆ ತುತ್ತಾದರು.

ಯೂರೋಪಿನಲ್ಲಿ ಅದೇ ವರ್ಷ ಸಂಪತ್ತಿಗೆ ಕೊರತೆಯಿಲ್ಲದ ಸೇನೆಯೊಂದು ಇದೇ ಗೋಡೆಗೆ ಹಾಯ್ದಿತು. ಜುಲೈ ಕೊನೆಯಲ್ಲಿ ನಾರ್ಮಂಡಿಯ ಬೇಲಿಗಳ ನಾಡಿನಿಂದ ಹೊರಬಿದ್ದ ಮಿತ್ರಪಕ್ಷಗಳ ಸೇನೆಗಳು ಆಗಸ್ಟ್ 25ಕ್ಕೆ ಪ್ಯಾರಿಸನ್ನೂ ಸೆಪ್ಟೆಂಬರ್ 3ಕ್ಕೆ ಬ್ರಸೆಲ್ಸನ್ನೂ ಮರುದಿನ ಆಂಟ್‌ವರ್ಪನ್ನೂ ಸೇರಿದವು. ಬ್ರಸೆಲ್ಸಿಗೆ ಬಂದ ಬ್ರಿಟಿಷ್ ಗಾರ್ಡ್ಸ್ ಟ್ಯಾಂಕು ಡಿವಿಷನ್ ಆ ಒಂದೇ ದಿನ ನೂರು ಕಿ.ಮೀ.ಗೂ ಹೆಚ್ಚು ಓಡಿತ್ತು. ನಾರ್ಮಂಡಿಗೆ ಬಂದಿಳಿದ ದಿನದಿಂದ ಮುನ್ನೂರಕ್ಕೂ ಹೆಚ್ಚು ದಿನಗಳಾದ ಮೇಲೆ ಮುಟ್ಟಬೇಕೆಂದು ಯೋಜಕರು ಗುರುತಿಸಿದ್ದ ಗೆರೆಯನ್ನು ಸೇನೆಗಳು ನೂರು ದಿನದೊಳಗೆ ಮುಟ್ಟಿಬಿಟ್ಟವು. ಹಿಂದಿನ ಲಾರಿಗಳು, ರೈಲುದಾರಿಗಳು, ಬಂದರುಗಳು ಮಾತ್ರ ಯೋಜನೆಯ ಲೆಕ್ಕದಲ್ಲೇ ಇದ್ದವು. ಸರಕು ಇನ್ನೂ ನಾರ್ಮಂಡಿಯ ತೀರದಲ್ಲಿ ಇಳಿಯುತ್ತಿದ್ದುದರಿಂದ ಅಮೆರಿಕನ್ನರು ಆಗಸ್ಟ್ 25ರಿಂದ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಏಕಮುಖ ಲಾರಿದಾರಿಯನ್ನು ಆರಂಭಿಸಿದರು. ಒಂದು ರಸ್ತೆ ಹೋಗಲು, ಇನ್ನೊಂದು ಬರಲು. ಹಗಲಿರುಳು ನಿಲ್ಲದೆ ಓಡಿದ ಲಾರಿಗಳು ಒಂದು ಹಂತದಲ್ಲಿ ಆರು ಸಾವಿರದ ಸಮೀಪಕ್ಕೆ ಬಂದವು, ಒಂದು ದಿನ 12 ಸಾವಿರ ಟನ್ನಿಗೂ ಮೀರಿ ಸಾಗಿಸಿದವು. ಚಾಲಕರಲ್ಲಿ ನಾಲ್ವರಿಗೆ ಮೂವರು ಕರಿಯ ಅಮೆರಿಕನ್ನರು. ತಮ್ಮ ದೇಶದ ಸೇನೆಯಲ್ಲಿ ಪ್ರತ್ಯೇಕ ಘಟಕಗಳಲ್ಲಿ ಇರಿಸಲ್ಪಟ್ಟು, ಹೋರಾಟದ ಗೌರವವನ್ನು ಬಹುಮಟ್ಟಿಗೆ ನಿರಾಕರಿಸಲ್ಪಟ್ಟ ಈ ಜನರ ದುಡಿಮೆಯ ಮೇಲೆಯೇ ಅಮೆರಿಕನ್ ಸೇನಾಪತಿ ಪ್ಯಾಟನ್ನನ ಪ್ರಖ್ಯಾತ ಓಟ ನಿಂತಿತ್ತು. ಅಷ್ಟಾದರೂ ಆಗಸ್ಟ್ ಕೊನೆಗೆ ಪ್ಯಾಟನ್ನನ ಟ್ಯಾಂಕುಗಳು ಮ್ಯೂಸ್ ನದಿಯ ಬಳಿ ಪೆಟ್ರೋಲಿಲ್ಲದೆ ನಿಂತವು. ಆಂಟ್‌ವರ್ಪ್ ಬಂದರು ಕೈಗೆ ಬಂದಿದ್ದರೂ ಅದನ್ನು ಸಮುದ್ರಕ್ಕೆ ಸೇರಿಸುವ ಷೆಲ್ಟ್ ನದಿಯ ಅಳಿವೆ ಜರ್ಮನರ ಹಿಡಿತದಲ್ಲೇ ಇದ್ದುದರಿಂದ ಮೊದಲ ಹಡಗುಸಾಲು ಅಲ್ಲಿಗೆ ಬಂದದ್ದು ನವೆಂಬರ್ ಕೊನೆಯಲ್ಲಿ. ಸೆಪ್ಟೆಂಬರ್ ಮೊದಲ ವಾರದಲ್ಲಿ ಅಳಿವೆಯ ಕಡೆಗೆ ತಿರುಗದೆ ಇದ್ದದ್ದು ಮಿತ್ರಪಕ್ಷಗಳ ಸೇನಾಪತಿಗಳು ಆ ವರ್ಷ ಮಾಡಿದ ಅತಿ ದುಬಾರಿಯ ತಪ್ಪು.

ಪೂರ್ವ ರಂಗದಲ್ಲಿ ಸೋವಿಯತ್ ಸೇನೆ ನಿಂತು ನಿಂತು ಜಿಗಿಯುವ ಪದ್ಧತಿಯನ್ನು ರೂಢಿಸಿಕೊಂಡಿತ್ತು. 1945ರ ಜನವರಿ 12ರಂದು ವಿಸ್ಟುಲಾ ನದಿಯಿಂದ ಹೊರಟ ಸೇನೆ ತಿಂಗಳ ಕೊನೆಗೆ ಬರ್ಲಿನ್‌ನಿಂದ 70 ಕಿ.ಮೀ. ಆಸುಪಾಸಿನಲ್ಲಿದ್ದ ಓಡರ್ ನದಿಯನ್ನು ಮುಟ್ಟಿತು. ಮೂರು ವಾರದೊಳಗೆ ಸುಮಾರು 500 ಕಿ.ಮೀ. ಬಳಿಕ ಅದೂ ನಿಂತು, ಏಪ್ರಿಲ್ 16ರವರೆಗೆ ಬರ್ಲಿನ್ ಮೇಲೆ ಕೈಮಾಡಲಿಲ್ಲ. ಅದರ ಪದಾತಿಯನ್ನೂ ಮದ್ದುಗುಂಡನ್ನೂ ಹೊತ್ತ ಲಾರಿಗಳಲ್ಲಿ ಬಹಳಷ್ಟು ಅಮೆರಿಕದಿಂದ ನೆರವಾಗಿ ಬಂದ ಸ್ಟೂಡಿಬೇಕರ್ ಲಾರಿಗಳು. ಅದೇ ವರ್ಷದ ಆಗಸ್ಟಿನಲ್ಲಿ ಮಂಚೂರಿಯದ ಮೇಲೆ ಬಿದ್ದ ಆರನೆಯ ಗಾರ್ಡ್ಸ್ ಟ್ಯಾಂಕು ಸೇನೆ ಮಹಾ ಖಿಂಗನ್ ಪರ್ವತವನ್ನು ಮೂರ್ನಾಲ್ಕು ದಿನಗಳಲ್ಲಿ ದಾಟಿದ್ದು ಶತ್ರುವಿನ ಎಣಿಕೆಯನ್ನೇ ಮೀರಿದ ಸಾಹಸ. ಆದರೆ ಪರ್ವತ ಇಳಿದ ಕೂಡಲೇ ಪೆಟ್ರೋಲು ಮುಗಿದು, ವಿಮಾನಗಳು ತಂದು ಹಾಕುವವರೆಗೆ ಅದೂ ಕಾಯಬೇಕಾಯಿತು.

ವಿಮಾನದಿಂದ ಸೇನೆಯನ್ನು ಸಾಕುವ ಈ ವಿದ್ಯೆ ಪೂರ್ಣ ಬೆಳೆದದ್ದು ಬರ್ಮಾದಲ್ಲಿ, ಮುಖ್ಯವಾಗಿ ಭಾರತೀಯರಿಂದಲೇ ಕೂಡಿದ್ದ ಸೇನೆಯಲ್ಲಿ. ಇಂಫಾಲದಲ್ಲಿ ಗೆದ್ದ ಜನರಲ್ ಸ್ಲಿಮ್‌ನ 14ನೆಯ ಸೇನೆಯ ಮುಂದೆ ರಂಗೂನ್ ಸಾವಿರ ಕಿ.ಮೀ.ಗೂ ದೂರದಲ್ಲಿತ್ತು. ನಡುವೆ ಚಿಂದ್ವಿನ್ ಮತ್ತು ಐರಾವತಿ ಎಂಬ ಎರಡು ಮಹಾನದಿಗಳು, ಮಲೇರಿಯದ ಕಣಿವೆಗಳು, ಮಳೆಗಾಲದಲ್ಲಿ ರಸ್ತೆಯೆಂದು ಕರೆಯಲಾಗದ ರಸ್ತೆಗಳಿದ್ದವು. ಮುಂಗಾರಿಗೆ ಮುಂಚೆ ರಂಗೂನಿನ ಬಂದರು ಕೈಗೆ ಬರದಿದ್ದರೆ ಮಧ್ಯ ಬರ್ಮಾದಲ್ಲಿ ಲಕ್ಷಾಂತರ ಸೈನಿಕರನ್ನು ಸಾಕುವುದು ಅಸಾಧ್ಯ. ಸಾಮಗ್ರಿ ಹೊರುತ್ತಿದ್ದ ಅಮೆರಿಕನ್ ವಿಮಾನಗಳನ್ನೂ ಜೂನ್ ಮೊದಲ ದಿನದ ಬಳಿಕ ಚೀನಾಕ್ಕೆ ಒಯ್ಯುವುದು ನಿಶ್ಚಯವಾಗಿತ್ತು. ಹೀಗೆ ಇಲ್ಲಿ ವೇಗವು ಸೇನಾಪತಿಯ ಹೆಮ್ಮೆಯ ವಿಷಯವಾಗಿರದೆ ಬದುಕಿ ಉಳಿಯುವ ಷರತ್ತಾಗಿತ್ತು.

ಆ ವೇಗವನ್ನು ಕಟ್ಟಿದ್ದು ಮೊದಲು ಎಂಜಿನಿಯರುಗಳೂ ಕೂಲಿಗಳೂ. ಅಸ್ಸಾಮಿನ ಚಹಾ ತೋಟಗಳ ಕೂಲಿಕಾರರು ಇಂಫಾಲದ ಕಡೆಯ ಬೆಟ್ಟದ ರಸ್ತೆಗಳನ್ನು ಅಗೆದು ಅಗಲ ಮಾಡಿದ್ದರು. ತಮುವಿನಿಂದ ಕಲೇವಾದವರೆಗಿನ ನೂರು ಮೈಲಿಯ ದಾರಿಗೆ ಕಲ್ಲು ಸಿಗದಿದ್ದಾಗ ಒಂದು ಹೊಸ ಉಪಾಯ ಹುಡುಕಲಾಯಿತು: ಬಂಗಾಳದ ಸೆಣಬಿನ ಗೋಣಿಬಟ್ಟೆಯನ್ನು ಡಾಂಬರಿನಲ್ಲಿ ಅದ್ದಿ, ಸುರುಳಿ ಬಿಚ್ಚಿ, ಸಮಮಾಡಿದ ಮಣ್ಣಿನ ಮೇಲೆ ಒಂದರ ಅಂಚಿನ ಮೇಲೊಂದು ಬರುವಂತೆ ಹಾಸುತ್ತ ಹೋದರು, ನೀರು ಒಳಗಿಳಿಯದ ಆ ಹಾಸಿನ ಮೇಲೆ ಲಾರಿಗಳು ಸಾವಿರಗಟ್ಟಲೆ ಓಡಿದವು. ಕಲೇವಾದಲ್ಲಿ ಚಿಂದ್ವಿನ್ ನದಿಗೆ 1944ರ ಡಿಸೆಂಬರಿನಲ್ಲಿ ಹಾಕಿದ ಬೈಲಿ ಸೇತುವೆ, ಅಂದರೆ ಮೊದಲೇ ತಯಾರಾದ ಉಕ್ಕಿನ ಚೌಕಟ್ಟುಗಳನ್ನು ಗೂಟದಿಂದ ಜೋಡಿಸಿ ನಿಲ್ಲಿಸುವ ಸೇತುವೆ, 1,154 ಅಡಿ ಉದ್ದವಿದ್ದು ಆ ದಿನಕ್ಕೆ ಲೋಕದಲ್ಲೇ ಅತಿ ಉದ್ದದ ಬೈಲಿ ಸೇತುವೆಯಾಗಿತ್ತು. ನದಿಯ ದಡದಲ್ಲೇ ತೇಗದ ಮರ ಕಡಿದು ನೂರಾರು ದೋಣಿಗಳನ್ನು ಕಟ್ಟಲಾಯಿತು. ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡಿದ್ದ ಮದ್ರಾಸ್ ಸ್ಯಾಪರ್ಸ್, ಅಂದರೆ ಸೇತುವೆ ಕಟ್ಟುವ, ಒಡೆಯುವ, ನೆಲಬಾಂಬು ತೆಗೆಯುವ ಸೈನಿಕರ ದಳ, ತನ್ನ ಹಲವು ಕಂಪನಿಗಳನ್ನು ಬರ್ಮಾದ ಯುದ್ಧಕ್ಕೆ ಕಳುಹಿಸಿತ್ತು.

ಎರಡನೆಯ ಆಸರೆ ಡಕೋಟಾ ವಿಮಾನ. ಸುಮಾರು 3 ಟನ್ ಹೊರುವ ಈ ವಿಮಾನವನ್ನು 400 ಕಿ.ಮೀ.ಗಿಂತ ದೂರಕ್ಕೆ ಕಳುಹಿಸಿದರೆ ದಿನಕ್ಕೆ ಮಾಡಬಹುದಾದ ಸುತ್ತುಗಳು ಕಡಿಮೆಯಾಗಿ ಲಾಭ ಇಳಿಯುತ್ತಿತ್ತು. ಸೇನೆ ದಕ್ಷಿಣಕ್ಕೆ ಸಾಗಿದಂತೆ ಅಗರ್ತಲಾ, ಕೊಮಿಲ್ಲಾ, ಚಿತ್ತಗಾಂಗ್‌ಗಳ ನಿಲ್ದಾಣಗಳು ದೂರವಾಗುತ್ತಿದ್ದುದರಿಂದ ಅರಕಾನ್ ಕರಾವಳಿಯ ಅಕ್ಯಾಬ್ ಮತ್ತು ರಾಮ್ರಿ ದ್ವೀಪಗಳನ್ನು 1945ರ ಜನವರಿ-ಫೆಬ್ರುವರಿಯಲ್ಲಿ ಗೆದ್ದು ಅಲ್ಲಿ ಹೊಸ ವಿಮಾನ ನೆಲೆಗಳನ್ನು ಮಾಡಬೇಕಾಯಿತು. ಅದೇ ಕರಾವಳಿಯ ಕಂಗಾವ್ ಎಂಬಲ್ಲಿ ಜಪಾನಿಯರ ಹಿಮ್ಮೆಟ್ಟುವ ದಾರಿಯನ್ನು ಕತ್ತರಿಸಲು ನಡೆದ ಘೋರ ಹೋರಾಟದಲ್ಲಿ ಹೈದರಾಬಾದ್ ರೆಜಿಮೆಂಟಿನ ಪಟಾಲಮೊಂದನ್ನು ನಡೆಸಿದವರು ಮಡಿಕೇರಿಯ ಕೆ.ಎಸ್. ತಿಮ್ಮಯ್ಯನವರು, ಮುಂದೆ ಸ್ವತಂತ್ರ ಭಾರತದ ಭೂಸೇನೆಯ ಮುಖ್ಯಸ್ಥರಾದವರು. ಡಕೋಟಾಗಳ ಹಿಂದೆಯೂ ಕನ್ನಡ ನಾಡಿನ ದುಡಿಮೆಯಿತ್ತು. ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಅಮೆರಿಕನ್ ವಾಯುಸೇನೆಯ ವಶದಲ್ಲಿದ್ದು, ಬಾಂಬರುಗಳನ್ನೂ ಡಕೋಟಾಗಳನ್ನೂ ಬಿಚ್ಚಿ, ಸರಿಪಡಿಸಿ, ಮತ್ತೆ ಯುದ್ಧರಂಗಕ್ಕೆ ಕಳುಹಿಸುತ್ತಿತ್ತು.

ಫೆಬ್ರುವರಿ ನಡುವಿನಲ್ಲಿ ನ್ಯಾವುಂಗು ಬಳಿ ಐರಾವತಿಯನ್ನು ದಾಟಿದ ಮೇಲೆ 17ನೆಯ ಭಾರತೀಯ ಡಿವಿಷನ್ ಮತ್ತು 255ನೆಯ ಭಾರತೀಯ ಟ್ಯಾಂಕು ಬ್ರಿಗೇಡು ತಿಂಗಳ 21ರಂದು ಸೇತುಮುಖದಿಂದ ಹೊರಬಿದ್ದು, ಜಪಾನಿ ಸೇನೆಯ ಸರಬರಾಜಿನ ಕೇಂದ್ರವಾಗಿದ್ದ ಮೈಕ್ತಿಲಾ ಪಟ್ಟಣವನ್ನು ಮಾರ್ಚ್ ಮೊದಲ ವಾರದಲ್ಲಿ ವಶಪಡಿಸಿಕೊಂಡವು. ದಾರಿಯಲ್ಲಿ ಥಬುತ್ಕೋನ್ ವಿಮಾನ ನಿಲ್ದಾಣ ಸಿಕ್ಕ ಕೂಡಲೇ ಇಡೀ ಒಂದು ಬ್ರಿಗೇಡನ್ನು ಆಕಾಶಮಾರ್ಗದಲ್ಲಿ ಅಲ್ಲಿಗೆ ತಂದಿಳಿಸಲಾಯಿತು. ಸೇನೆ ಮುಂದೆ ನುಗ್ಗಿ ವಿಮಾನದಾಣವನ್ನು ಹಿಡಿಯುವುದು, ವಿಮಾನದಾಣ ಸೇನೆಯನ್ನು ಮತ್ತೂ ಮುಂದಕ್ಕೆ ತಳ್ಳುವುದು ಎಂಬ ಈ ಕ್ರಮವೇ ರಂಗೂನಿನವರೆಗೂ ನಡೆಯಿತು. ಮೈಕ್ತಿಲಾವನ್ನು ಮರಳಿ ಪಡೆಯಲು ಜಪಾನಿಯರು ಮಾರ್ಚ್ ತಿಂಗಳಿಡೀ ಮಾಡಿದ ಪ್ರಯತ್ನ ಸೋತಿತು. ಅತ್ತ ಮಾಂಡಲೇ ಮಾರ್ಚ್ 20ರಂದು 19ನೆಯ ಭಾರತೀಯ ಡಿವಿಷನ್ನಿಗೆ ಬಿದ್ದಿತ್ತು.

ಏಪ್ರಿಲ್ 11ರ ಹೊತ್ತಿಗೆ ಪ್ಯಾವ್ಬ್ವೆ ಪಟ್ಟಣದ ಜಪಾನಿ ಪಡೆ ಒಡೆದುಹೋದಾಗ ರಂಗೂನಿನ ಓಟ ಆರಂಭವಾಯಿತು. ಮುಂಗಾರಿಗೆ ಉಳಿದಿದ್ದದ್ದು ಹೆಚ್ಚೆಂದರೆ ಐದು ವಾರ. 5ನೆಯ ಮತ್ತು 17ನೆಯ ಭಾರತೀಯ ಡಿವಿಷನ್ನುಗಳು ಸರದಿಯಂತೆ ಒಂದನ್ನೊಂದು ದಾಟುತ್ತ, ದಾರಿಯ ಎರಡೂ ಕಡೆ ಉಳಿದ ಶತ್ರುಪಡೆಗಳನ್ನು ಹಿಂದಿನವರ ಪಾಲಿಗೆ ಬಿಟ್ಟು, ಒಂದೇ ರಸ್ತೆಯ ಮೇಲೆ ದಕ್ಷಿಣಕ್ಕೆ ನುಗ್ಗಿದವು. ಟೌಂಗೂ ಪಟ್ಟಣದ ವಿಮಾನ ನಿಲ್ದಾಣಗಳು ಎರಡೂ ಪಕ್ಷಗಳಿಗೆ ಅತಿ ಮುಖ್ಯವಾಗಿದ್ದು, ಜಪಾನಿಯರ 15ನೆಯ ಡಿವಿಷನ್ ಪೂರ್ವದ ಬೆಟ್ಟದ ದಾರಿಯಿಂದ ಅಲ್ಲಿಗೆ ಧಾವಿಸುತ್ತಿತ್ತು. ಆ ಬೆಟ್ಟಗಳ ಕರೆನ್ ಜನ ಬ್ರಿಟಿಷ್ ಅಧಿಕಾರಿಗಳ ಜೊತೆಗೂಡಿ ಸೇತುವೆ ಒಡೆದು, ತಿರುವು ತಿರುವಿನಲ್ಲಿ ಹೊಂಚುಹಾಕಿ ಗುಂಡು ಹಾರಿಸಿ ಅದನ್ನು ದಿನಗಟ್ಟಲೆ ತಡೆದು ನಿಲ್ಲಿಸಿದರು. ಏಪ್ರಿಲ್ 22ರಂದು 5ನೆಯ ಡಿವಿಷನ್ನಿನ ಟ್ಯಾಂಕುಗಳು ಟೌಂಗೂವನ್ನು ಹೊಕ್ಕಾಗ ಅಲ್ಲಿ ಶತ್ರು ಸಜ್ಜಾಗಿರಲಿಲ್ಲ. ಬೆಟ್ಟದ ಜನರ ಈ ತಡೆ ಇರದಿದ್ದರೆ ಓಟ ಟೌಂಗೂವಿನಲ್ಲೇ ಮುಗಿಯುವ ಸಂಭವವಿತ್ತು. ಯುದ್ಧಾನಂತರ ಅವರಿಗೆ ಸಂದ ಪ್ರತಿಫಲ ಮಾತ್ರ ಆ ಋಣಕ್ಕೆ ಎಷ್ಟೂ ಸಾಲದು.

ಟೌಂಗೂವಿನಿಂದ ಮುಂದೆ 17ನೆಯ ಡಿವಿಷನ್ ಮುಂಚೂಣಿಗೆ ಬಂದಿತು. 1942ರ ಫೆಬ್ರುವರಿಯಲ್ಲಿ ಸಿತ್ತಾಂಗ್ ಸೇತುವೆಯ ಬಳಿ ನುಚ್ಚುನೂರಾಗಿ, ಬರ್ಮಾದಿಂದ ಭಾರತದವರೆಗೆ ಹಿಮ್ಮೆಟ್ಟಿದ್ದು ಇದೇ ಡಿವಿಷನ್. ಏಪ್ರಿಲ್ ಕೊನೆಯ ದಿನಗಳಲ್ಲಿ ಅದು ಪೆಗು ಪಟ್ಟಣದ ಅಂಚನ್ನು ಮುಟ್ಟಿತು. ರಂಗೂನ್ ಇನ್ನು ಸುಮಾರು 80 ಕಿ.ಮೀ. ಇತ್ತು. ಪ್ಯಾವ್ಬ್ವೆಯಿಂದ ಅಲ್ಲಿಗೆ ಇಪ್ಪತ್ತು ದಿನ, 400 ಕಿ.ಮೀ.ಗೆ ತುಸು ಕಡಿಮೆ, ದಿನಕ್ಕೆ ಸುಮಾರು 20 ಕಿ.ಮೀ. ಶರ್ಮನ್ ಟ್ಯಾಂಕುಗಳ ಮತ್ತು ವಿಮಾನಗಳ ಬಲದಿಂದ ನಡೆದ ಈ ಓಟದ ಸರಾಸರಿಯೂ ಮೂರು ವರ್ಷಗಳ ಹಿಂದೆ ಮಲಯದಲ್ಲಿ ಸೈಕಲ್ ತುಳಿದು ಬಂದ ಸೇನೆಯ ಸರಾಸರಿಯೂ ಒಂದೇ. ಪೆಗುವಿನ ಸೇತುವೆಗಳನ್ನು ಜಪಾನಿಯರು ಒಡೆದಿದ್ದರು. ಅಷ್ಟರಲ್ಲಿ, ವಾಡಿಕೆಗಿಂತ ಎರಡು ವಾರ ಮುಂಚೆ, ಮಳೆ ಇಳಿಯಿತು; ನದಿ ಉಕ್ಕಿತು, ರಸ್ತೆಯ ಎರಡೂ ಬದಿಯ ಗದ್ದೆಗಳು ಕೆರೆಯಾದವು, ತಾತ್ಕಾಲಿಕ ವಿಮಾನದಾಣಗಳು ಕೆಸರಾದವು, ಟ್ಯಾಂಕು ರಸ್ತೆ ಬಿಟ್ಟು ಇಳಿಯುವಂತಿರಲಿಲ್ಲ.

ರಂಗೂನನ್ನು ಹೊಕ್ಕವರು ಬೇರೆಯವರು. ನೆಲದ ಓಟ ಮಳೆಗೆ ಸಿಕ್ಕಿಬೀಳಬಹುದೆಂಬ ಮುನ್ನೆಚ್ಚರಿಕೆಯಿಂದ ಸ್ಲಿಮ್ ಒತ್ತಾಯಿಸಿದ್ದ ಕಡಲ ದಾಳಿಯಲ್ಲಿ 26ನೆಯ ಭಾರತೀಯ ಡಿವಿಷನ್ ಮೇ 2ರಂದು ನದಿಯ ಅಳಿವೆಯಲ್ಲಿ ಇಳಿದು, ಮರುದಿನ ನಗರವನ್ನು ಪ್ರವೇಶಿಸಿತು. ಜಪಾನಿಯರು ಕೆಲವು ದಿನಗಳ ಹಿಂದೆಯೇ ನಗರವನ್ನು ತೊರೆದಿದ್ದರು. ಉತ್ತರದಿಂದ ಬರುತ್ತಿದ್ದ ಸೇನೆಯ ವೇಗವೇ ಅವರನ್ನು ಹೊರಡಿಸಿತ್ತು. ಮೇ 6ರಂದು ರಂಗೂನಿನ ಈಶಾನ್ಯಕ್ಕಿರುವ ಹ್ಲೆಗು ಎಂಬಲ್ಲಿ ಉತ್ತರದಿಂದ ಬಂದ 17ನೆಯ ಮತ್ತು ದಕ್ಷಿಣದಿಂದ ಬಂದ 26ನೆಯ ಡಿವಿಷನ್ನುಗಳು ಕೂಡಿದವು.

ಈ ದಂಡಯಾತ್ರೆಯ ಸೇನಾಪತಿಗಳ ಚರಿತ್ರೆ ಇಂಗ್ಲಿಷಿನಲ್ಲಿ ಬೇಕಾದಷ್ಟಿದೆ. ಅದರ ಸೇತುವೆ ಕಟ್ಟಿದ ಸ್ಯಾಪರುಗಳು, ಲಾರಿ ಓಡಿಸಿದ ಚಾಲಕರು, ಬೆಂಗಳೂರಿನ ಕಾರ್ಖಾನೆಯಲ್ಲಿ ವಿಮಾನದ ಎಂಜಿನು ಬಿಚ್ಚಿ ಜೋಡಿಸಿದ ಕೆಲಸಗಾರರು, ಸಿಂಗಪುರದಲ್ಲಿ ಸೆರೆಯಾದ ಮೈಸೂರಿನ ಸೈನಿಕರು ಇವರ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವ ಕೆಲಸ ಇನ್ನೂ ಬಹಳಷ್ಟು ಉಳಿದಿದೆ. ಬೆಂಗಳೂರು, ಮೈಸೂರು, ಕೋಲಾರ, ಕೊಡಗಿನ ಮನೆಗಳಲ್ಲಿ ಆ ಕಾಲದ ಸೇವಾಪುಸ್ತಕ, ಪದಕ, ಪತ್ರಗಳನ್ನು ಇಟ್ಟುಕೊಂಡಿರುವವರು ಅವು ಗೆದ್ದಲಿಗೆ ಹೋಗುವ ಮುನ್ನ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ರಾಜ್ಯ ಪತ್ರಾಗಾರಕ್ಕೋ ತೋರಿಸಿ, ಕನಿಷ್ಠ ಅವುಗಳ ಪ್ರತಿಯನ್ನಾದರೂ ಅಲ್ಲಿ ಉಳಿಸಬೇಕು.